ನೂರು ಮೀಟರು ದಾರ

ಗಾಳ ಹಾಕುವವನನ್ನು ಕುರಿತು ಲೋಕಕ್ಕೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಕೆಲಸವಿಲ್ಲದವನು ಎಂದು ಕೆಲವರು, ಕೆಲಸ ಮಾಡಲೊಲ್ಲದವನು ಎಂದು ಉಳಿದವರು ತೀರ್ಮಾನಿಸುತ್ತಾರೆ. ನಾನು ಇವುಗಳಲ್ಲಿ ಮೊದಲನೆಯ ಪಂಗಡಕ್ಕೆ ಸೇರಿದವನು. ಅದೂ ಕಾಲೇಜಿಗೆ ರಜೆ ಇರುವಾಗ ಮಾತ್ರ. ಉಳಿದ ದಿನಗಳಲ್ಲಿ ಕನ್ನಡ ಪಾಠ ಹೇಳುತ್ತೇನೆ. ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಅತಿಥಿಯನ್ನು ದೇವರೆಂದು ಭಾವಿಸುವ ನಾಡು ನಮ್ಮದು. ದೇವರಿಗೆ ತಿಂಗಳ ಸಂಬಳ ಕೊಡುವ ಪದ್ಧತಿ ಎಲ್ಲಿಯೂ ಇಲ್ಲವಷ್ಟೆ. ರಜೆಯ ತಿಂಗಳುಗಳಲ್ಲಿ ನನಗೂ ಇಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ, ನೂರು ಮೀಟರು ದಾರ ಕೊಳ್ಳುವುದಕ್ಕೆ ಒಬ್ಬ ಎಂ.ಎ. ಪದವೀಧರ ಹದಿನೈದು ದಿನ ಏಕೆ ಯೋಚಿಸಿದನೆಂಬುದು ವಾಚಕರಿಗೆ ಅರ್ಥವಾದೀತು.

ದಾರ ಬೇಕೆಂದವರು ನಮ್ಮ ಅಪ್ಪಯ್ಯ. ಅವರಿಗೆ ಈಗ ಎಪ್ಪತ್ತಾರು. ಮಕ್ಕಳ ಮುಂದೆ ಇದು ಬೇಕು, ಅದು ಬೇಕು ಎಂದು ಬಾಯಿ ಬಿಟ್ಟವರಲ್ಲ. ಕಳೆದ ಮಳೆಗಾಲದಲ್ಲಿ ಪಾರ್ಶ್ವವಾಯು ಸೋಕಿ, ಎಡಗೈಯ ಹಿಡಿತವನ್ನು ಕೊಂಡೊಯ್ದಿತು. ಅಂದಿನಿಂದ ಜಗಲಿಯ ಮೂಲೆಯೇ ಅವರ ಪ್ರಪಂಚ. ಮಾತು ಸ್ಪಷ್ಟವಾಗಿದ್ದರೂ ಆಡುವುದನ್ನು ಬಹಳ ಕಡಿಮೆ ಮಾಡಿದ್ದರು. ಅಂಥವರು ಏಪ್ರಿಲಿನ ಒಂದು ಸಂಜೆ, ಪತ್ರಿಕೆಯಲ್ಲಿ ಜಲಾಶಯದ ನೀರಿನ ಮಟ್ಟವನ್ನು ನನ್ನ ಮಗನಿಂದ ಓದಿಸಿ ಕೇಳಿ, ನನ್ನ ಕಡೆ ತಿರುಗಿ ಹೇಳಿದರು: “ಈ ಸಲ ನೀರು ಚೆನ್ನಾಗಿ ಇಳಿದಿದೆ ಮಾರಾಯ. ನಮ್ಮ ಮನೆ ದಿಬ್ಬ ಕಂಡೀತು. ಒಂದು ತಂಗೂಸಿ ತಂದುಕೊಡು. ಒಂದು ಸಲ ಹೋಗಿ ಕೂತು ಬರುವ.”

ನಮ್ಮ ಮನೆ ದಿಬ್ಬವೆಂದರೇನೆಂದು ನರಸಿಂಹರಾಜಪುರದ ಆಚೆಯ ವಾಚಕರಿಗೆ ತಿಳಿಸಬೇಕು. ಹಿಂದೆ ಎಡೇಹಳ್ಳಿಯಾಗಿದ್ದು, ಮೈಸೂರಿನ ಯುವರಾಜರ ಹೆಸರನ್ನು ಪಡೆದ ನಮ್ಮ ಊರಿನ ಒಂದು ಮಗ್ಗುಲಿಗೆ ಭದ್ರಾ ಜಲಾಶಯದ ಹಿನ್ನೀರು ಚಾಚಿಕೊಂಡಿದೆ. ಲಕ್ಕವಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1965ರಲ್ಲಿ ಪೂರ್ಣವಾಯಿತು. ತುಂಬಿದಾಗ ನೀರಿನ ಮಟ್ಟ 186 ಅಡಿ. ಹಿಡಿಯುವ ನೀರು 71 ಟಿ.ಎಂ.ಸಿ.ಗಿಂತ ಮಿಗಿಲು. ಆ ನೀರಿನಿಂದ ದಾವಣಗೆರೆಯ ಸೀಮೆಯವರೆಗೆ ಗದ್ದೆಗಳು ಹಸಿರಾದವು. ತರೀಕೆರೆಯಿಂದ ನಮ್ಮೂರಿಗೆ ಬರುತ್ತಿದ್ದ ಪುಟ್ಟ ರೈಲು ಮಾತ್ರ ನೆನಪಿಗೆ ಸರಿಯಿತು. ಅನೇಕ ಹಳ್ಳಿಗಳ ತೋಟ, ಗದ್ದೆ, ಅಂಗಳಗಳು ನೀರಿನ ಅಡಿಗೆ ಸೇರಿದವು. ಅವುಗಳಲ್ಲಿ ಅಪ್ಪಯ್ಯ ಹುಟ್ಟಿದ ಮನೆಯೂ ಒಂದು. ಗಾಡಿಯಲ್ಲಿ ಪಾತ್ರೆ ಪಗಡಿ ತುಂಬಿಕೊಂಡು ಹೊರಟಾಗ ಅವರಿಗೆ ಹತ್ತು ವರ್ಷ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ, ಆ ಮನೆಯಿದ್ದ ದಿಬ್ಬ ಆಮೆಯ ಬೆನ್ನಿನಂತೆ ಮೇಲೇಳುತ್ತದೆ. ಕೆಲವು ವಾರಗಳ ಮಟ್ಟಿಗೆ ಅದರ ಅಂಚಿನವರೆಗೆ ನಡೆದು ಹೋಗಬಹುದು. ಮುಂಗಾರು ಬಿದ್ದರೆ ಮತ್ತೆ ಇಲ್ಲ.

ಆದ್ದರಿಂದ ಅಪ್ಪಯ್ಯ ಕೇಳಿದ್ದು ಬರಿಯ ದಾರವನ್ನಲ್ಲವೆಂದು ನನಗೆ ಹೊಳೆಯಿತು. ಹೊಳೆದದ್ದರಿಂದಲೇ ಕಷ್ಟವೂ ಹೆಚ್ಚಿತು. ಕೆಟ್ಟ ದಾರ ತಂದು, ಅದು ಅಲ್ಲಿ ತುಂಡಾಗಿ, ಅವರು ಬರಿಗೈಯಲ್ಲಿ ಮರಳಿದರೆ, ಮತ್ತೊಂದು ಬೇಸಿಗೆಯನ್ನು ಯಾರು ಕಂಡಿದ್ದಾರೆ?

ನನ್ನವಳು ಮನೆಯ ಲೆಕ್ಕದ ಪುಸ್ತಕವನ್ನು ತೆಗೆದಳು. ಅಪ್ಪಯ್ಯನ ಔಷಧಿ, ಪುಟ್ಟನ ಶಾಲೆ, ಅಂಗಡಿಯ ಸಾಲ ಎಲ್ಲವನ್ನೂ ಕೂಡಿಸಿ ಕಳೆದು, ಕೊನೆಗೆ “ಗಾಳದ ದಾರ ಇತ್ಯಾದಿ: ರೂ. 300” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಒಂದು ಗೆರೆ ಎಳೆದಿದ್ದರೆ ಚರ್ಚೆಗೆ ಅವಕಾಶವಿರುತ್ತಿತ್ತು. ಅವಳು ಶೃಂಗೇರಿಯ ಕಡೆಯವಳು. ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚುತ್ತ ಬೆಳೆದವಳು. ಅಲ್ಲಿ ದೇವರ ಮೀನಿಗೆ ಯಾರೂ ಕೈಯಿಡುವುದಿಲ್ಲ. ಹಾಗಾಗಿ ಗಾಳವೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಆದರೂ “ಮಾವಯ್ಯ ಕೇಳಿದ್ದಲ್ಲವಾ, ತಂದುಕೊಡಿ” ಎಂದಳು. “ಮುನ್ನೂರು ಅಂದರೆ ಮುನ್ನೂರೇ” ಎಂದೂ ಸೇರಿಸಿದಳು.

ಅವಳ ತಮ್ಮ ಅಮೆರಿಕದಲ್ಲಿದ್ದಾನೆ. ಭಾನುವಾರಗಳಲ್ಲಿ ಅವನಿಗೆ ಬಾಸ್ ಎಂಬ ಮೀನು ಹಿಡಿಯುವ ಹವ್ಯಾಸ. ವಿಷಯ ತಿಳಿದೊಡನೆ ದೂರವಾಣಿಯಲ್ಲಿ ಒಂದು ಗಂಟೆಯ ಉಪನ್ಯಾಸ ಕೊಟ್ಟ. ಉಪನ್ಯಾಸ ನನ್ನ ಕಸುಬಾದರೂ ಅಂದು ನಾನು ವಿದ್ಯಾರ್ಥಿಯಾದೆ. “ಭಾವ, ದಾರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಕೋಲು ಹೇಗಾದರೂ ಇರಲಿ, ರೀಲು ಹೇಗಾದರೂ ಇರಲಿ. ಮೀನಿಗೂ ನಮಗೂ ನಡುವೆ ಇರುವುದು ದಾರವೊಂದೇ” ಎಂದು ಆರಂಭಿಸಿದ. ಆ ಮಾತು ಒಪ್ಪತಕ್ಕದ್ದೇ. ಆದರೆ ಮುಂದಿನದು ಒಪ್ಪುವಂತಿರಲಿಲ್ಲ. ಅವನ ಬಳಿ ಐದು ಕೋಲುಗಳಿವೆಯಂತೆ, ಒಂದೊಂದಕ್ಕೆ ಒಂದೊಂದು ಬಗೆಯ ದಾರವಂತೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಬಿದಿರಿನ ಕೋಲು, ಅಪ್ಪಯ್ಯನ ಕೈಗಾಳ, ಮತ್ತು ಅವನೇ ಹಿಂದೊಮ್ಮೆ ರಜೆಗೆ ಬಂದಾಗ ಬಿಟ್ಟುಹೋದ ಹಳೆಯ ರೀಲು. ಈ ಮೂರಕ್ಕೂ ಒಗ್ಗುವ ಒಂದೇ ದಾರ ನನಗೆ ಬೇಕು.

ಅವನು ಬಾಸ್ ಮೀನಿನ ಗುಣಗಳನ್ನು ವರ್ಣಿಸುತ್ತಿದ್ದಂತೆ ನನಗೆ ನಮ್ಮ ಅವಲು ಮೀನೇ ಕಣ್ಣಮುಂದೆ ಬಂದಿತು. ಹಿನ್ನೀರಿನಲ್ಲಿ ಬಿಟ್ಟು ಸಾಕಿದ ಕಾಟ್ಲಾ, ರೋಹುಗಳು ಇವೆ. ಊರಿನ ಹಳೆಯ ಒಕ್ಕಲುಗಳಾದ ಗೆಂಡೆ, ಬಾಳೆಮೀನು, ಕುಚ್ಚು, ಅವಲುಗಳೂ ಇವೆ. ಕುಚ್ಚು ಮತ್ತು ಅವಲು ಒಂದೇ ಕುಲದವು. ಬಯಲುಸೀಮೆಯಲ್ಲಿ ಕೊರವ ಎಂದೂ, ಪೇಟೆಯಲ್ಲಿ ಮುರಲ್ ಎಂದೂ ಕರೆಯುವುದು ಈ ಕುಲವನ್ನೇ. ಹಾವಿನಂಥ ತಲೆ, ಉದ್ದನೆಯ ಮೈ. ಬಾಸ್ ಹೇಗೋ ಹಾಗೆಯೇ ಇವೂ ಬೇಟೆಯನ್ನು ಅಟ್ಟಿಕೊಂಡು ಹೋಗುವುದಕ್ಕಿಂತ ಜೊಂಡಿನ ಮರೆಯಲ್ಲಿ, ಮುಳುಗಿದ ಮರದ ಬುಡದಲ್ಲಿ ಹೊಂಚಿ ಕುಳಿತು, ಕಪ್ಪೆಯೋ ಮರಿಮೀನೋ ಹತ್ತಿರ ಬಂದಾಗ ಸರಕ್ಕನೆ ಎರಗುತ್ತವೆ. ಕಚ್ಚಿದ ಮರುಕ್ಷಣವೇ ಬುಡದೊಳಕ್ಕೆ ನುಗ್ಗಿ ದಾರವನ್ನು ಕೊರಡಿಗೆ ಉಜ್ಜುತ್ತವೆ. ಒಂದು ವಿಶೇಷವೆಂದರೆ, ನಮ್ಮ ಮೀನಿಗೆ ನೀರಿನಲ್ಲಿರುವ ಗಾಳಿ ಸಾಲದು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ತಾನಿರುವ ಜಾಗವನ್ನು ತಾನೇ ತೋರಿಸಿಕೊಡುವ ಈ ಸಜ್ಜನಿಕೆ ಅಮೆರಿಕದ ಬಾಸಿಗಿಲ್ಲ.

ಶಿವಮೊಗ್ಗದ ಅಂಗಡಿಗೆ ಹೋದೆ. ಅಂಗಡಿಯವರು ಮೂರು ಉರುಳೆಗಳನ್ನು ಮೇಜಿನ ಮೇಲಿಟ್ಟರು.

ಮೊದಲನೆಯದು ಹೆಣೆದ ದಾರ. ಪಾಲಿಥೀನಿನ ಕೂದಲೆಳೆಗಳನ್ನು ಜಡೆಯಂತೆ ಹೆಣೆದದ್ದು. ಅದೇ ದಪ್ಪದ ನೈಲಾನಿಗಿಂತ ಎಷ್ಟೋ ಪಾಲು ಗಟ್ಟಿ. ನೀರಿನ ಮೇಲೆ ತೇಲುತ್ತದೆ. ಎಳೆದರೆ ಹಿಗ್ಗುವುದೇ ಇಲ್ಲ. ಜೊಂಡಿನ ನಡುವೆ ಹಾಕಿದರೆ ಜೊಂಡನ್ನೇ ಕುಯ್ದುಕೊಂಡು ಬರುತ್ತದೆ. ಬೆಲೆ ಒಂಬೈನೂರು. ಎರಡನೆಯದು ಫ್ಲೂರೋಕಾರ್ಬನ್. ಜಪಾನಿನಲ್ಲಿ 1971ರಲ್ಲಿ ಹುಟ್ಟಿದ ಈ ದಾರ ಬೆಳಕನ್ನು ಬಾಗಿಸುವ ಪ್ರಮಾಣ ನೀರಿನದಕ್ಕೆ ಹತ್ತಿರವಾದ್ದರಿಂದ ನೀರಿನೊಳಗೆ ಸುಲಭವಾಗಿ ಕಾಣುವುದಿಲ್ಲ. ಉಜ್ಜಾಟಕ್ಕೂ ತಡೆಯುತ್ತದೆ. ಆದರೆ ಭಾರ ಹೆಚ್ಚು, ನೀರಿನಲ್ಲಿ ಮುಳುಗುತ್ತದೆ. ಮೇಲ್ನೀರಿನಲ್ಲಿ ಕಪ್ಪೆ ಆಡಿಸುವವನಿಗೆ ಒಗ್ಗದು. ಬೆಲೆ ಆರುನೂರು. ಮೂರನೆಯದು ನಮ್ಮ ಹಳೆಯ ಪರಿಚಯದ ಒಂಟಿ ಎಳೆಯ ನೈಲಾನು, ಅಂದರೆ ತಂಗೂಸಿ. ನೂರು ಮೀಟರಿಗೆ ನೂರ ನಲವತ್ತು.

ತಂಗೂಸಿ ಎಂಬ ಮಾತಿನ ಬಗೆಗೆ ಕನ್ನಡ ಮೇಷ್ಟರಾದ ನನಗೆ ಮೊದಲಿನಿಂದಲೂ ಕುತೂಹಲ. ಕರಾವಳಿಯಲ್ಲಿ ಇದು ಮನೆಮಾತು. ತಮಿಳಿನಲ್ಲಿಯೂ ಹೆಚ್ಚುಕಡಿಮೆ ಇದೇ ಶಬ್ದವಿದೆ. ಮಲಯ ಭಾಷೆಯಲ್ಲಿ ‘ತಂಗ್ಸಿ’ ಎಂದರೆ ಗಾಳದ ದಾರ. ಕಡಲು ದಾಟಿ ಹಡಗಿನಲ್ಲಿ ಬಂದು, ಘಟ್ಟ ಹತ್ತಿ, ಭದ್ರೆಯ ದಡದಲ್ಲಿ ನಮ್ಮ ಅಪ್ಪಯ್ಯನ ಬಾಯಿಗೆ ಸೇರಿರಬೇಕೆಂದು ನನ್ನ ಊಹೆ. ನೈಲಾನು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ. ಆದರೆ ಗಾಳದ ದಾರದ ವಿಚಾರ ಅದಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂದೇ ಒಂದು ಪ್ರಕರಣವಿದೆ, ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯನ್ನು ಅದು ರಾಜಯೋಗ್ಯವಾದ ವಿನೋದವೆಂದು ವಿವರಿಸುತ್ತದೆ. ಮೀನಿನ ಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಅದನ್ನು ಕುರಿತು ಬರೆದು ವಿಜ್ಞಾನಿಗಳ ಗಮನ ಸೆಳೆದರು. ಕನ್ನಡ ನಾಡನ್ನು ಆಳಿದ ಅರಸನೇ ಗಾಳದ ವಿಷಯ ಬರೆದಿರುವಾಗ ಕನ್ನಡ ಮೇಷ್ಟರು ದಾರದ ವಿಷಯ ಬರೆದರೆ ತಪ್ಪೇನು? ವ್ಯತ್ಯಾಸವೇನೆಂದರೆ, ಅರಸನಿಗೆ ಮುನ್ನೂರು ರೂಪಾಯಿಯ ಮಿತಿ ಇರಲಿಲ್ಲ.

ಸಂಸ್ಕೃತದಲ್ಲಿ ಗುಣವೆಂದರೆ ದಾರ, ಹಗ್ಗ, ಬಿಲ್ಲಿನ ಹೆದೆ ಎಂದೂ ಅರ್ಥ. ಒಳ್ಳೆಯತನವೆಂದೂ ಅರ್ಥ. ಅಂಗಡಿಯಲ್ಲಿ ನಿಂತು ದಾರಗಳ ಗುಣಗಳನ್ನು ಎಣಿಸುತ್ತಿದ್ದಾಗ, ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಸೇರಿಸಿದವನು ಎಂದಾದರೂ ಗಾಳ ಹಾಕಿದವನೇ ಇರಬೇಕೆನಿಸಿತು.

ಬೆಲೆ ನೋಡಿ ತಂಗೂಸಿಯನ್ನು ಆರಿಸುವುದು ಸುಲಭ. ಆದರೆ ಬಡತನದಿಂದ ಆರಿಸಿದ್ದು ಬೇರೆ, ಬುದ್ಧಿಯಿಂದ ಆರಿಸಿದ್ದು ಬೇರೆ. ಎರಡನೆಯದೂ ಹೌದೆಂದು ನನಗೆ ನಾನೇ ಸಾಧಿಸಿಕೊಳ್ಳಬೇಕಾಗಿತ್ತು. ಅಪ್ಪಯ್ಯ ಹಿಡಿಯುವುದು ಕೈಗಾಳ, ಕೋಲಿಲ್ಲ, ರೀಲಿಲ್ಲ, ದಾರವೇ ಬೆರಳಿಗೆ ತಾಗಿಕೊಂಡಿರುತ್ತದೆ. ಹೆಣೆದ ದಾರ ಸಣ್ಣ, ಹಿಗ್ಗದು. ದೊಡ್ಡ ಮೀನು ಜಗ್ಗಿದರೆ ಬೆರಳನ್ನು ಕೊಯ್ದುಬಿಡುತ್ತದೆ. ಒಂದೇ ಕೈ ನೆಟ್ಟಗಿರುವವರಿಗೆ ಅದು ಅಪಾಯ. ನೈಲಾನು ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲು ಹಿಗ್ಗುತ್ತದೆ. ಅಮೆರಿಕದ ಭಾವಮೈದುನ ಇದನ್ನು ದೋಷವೆಂದ. ಕೋಲಿನ ಬಳುಕು ಇಲ್ಲದ ಕೈಗಾಳಕ್ಕೆ ಈ ಹಿಗ್ಗೇ ಆಧಾರ. ಮೀನಿನ ಹಠಾತ್ತಾದ ಜಗ್ಗನ್ನು ಅದೇ ನುಂಗಿಕೊಳ್ಳಬೇಕು. ಜೊತೆಗೆ ಹಿನ್ನೀರಿನ ತುಂಬ ಮುಳುಗಿದ ಮರಗಳ ಬೊಡ್ಡೆ. ಹೆಣೆದ ದಾರದ ಸಣ್ಣ ಎಳೆಗಳು ಬೊಡ್ಡೆಗೂ ಕಲ್ಲಿಗೂ ಉಜ್ಜಿ ಬೇಗ ಹಿಂಜುತ್ತವೆ. ದಪ್ಪನೆಯ ಒಂಟಿ ಎಳೆ ಗೀರು ಬಿದ್ದರೂ ಇನ್ನಷ್ಟು ಹೊತ್ತು ತಡೆಯುತ್ತದೆ.

ಇನ್ನು ದಪ್ಪದ ಪ್ರಶ್ನೆ. ದಪ್ಪ ಇಮ್ಮಡಿಯಾದರೆ ಬಲ ಸುಮಾರಾಗಿ ನಾಲ್ಮಡಿಯಾಗುತ್ತದೆ. ಆದ್ದರಿಂದ ಅರ್ಧ ಮಿಲಿಮೀಟರಿನ ದಾರ ಕೊಂಡರೆ ಆನೆಯನ್ನೇ ಎಳೆಯಬಹುದೆಂದು ಆಸೆಯಾಗುತ್ತದೆ. ಆದರೆ ಅದು ತಂತಿಯಂತೆ ಬಿರುಸು, ರೀಲಿನಿಂದ ಸುರುಳಿ ಸುರುಳಿಯಾಗಿ ಹಾರಿ ಬೀಳುತ್ತದೆ; ಗೆಂಡೆಯಂಥ ನಾಚಿಕೆಯ ಮೀನು ಅದನ್ನು ಕಂಡು ಹತ್ತಿರ ಸುಳಿಯದು. 0.20 ಮಿಲಿಮೀಟರಿನದು ಗೆಂಡೆಗೆ ಸೊಗಸು, ಅವಲಿಗೆ ಒಂದು ತುತ್ತು. ಕೊನೆಗೆ 0.35ರಲ್ಲಿ ನಿಂತೆ. ಉರುಳೆಯ ಮೇಲೆ ಎಂಟು ಕಿಲೋ ತಡೆಯುತ್ತದೆಂದು ಬರೆದಿತ್ತು. ಗಂಟು ಬಿದ್ದ ಕಡೆ ದಾರದ ಬಲ ಕುಂದುತ್ತದೆ. ನೀರು ಕುಡಿದ ನೈಲಾನು ಇನ್ನೂ ಸ್ವಲ್ಪ ಮೆತ್ತಗಾಗುತ್ತದೆ. ಆದ್ದರಿಂದ ಬರೆದ ಎಂಟರಲ್ಲಿ ಐದನ್ನು ನಂಬುವುದು ಕ್ಷೇಮ. ಐದು ಕಿಲೋ ಎಳೆತಕ್ಕೆ ನಮ್ಮ ಆಸೆಗಳೆಲ್ಲವೂ ಅಡಗುತ್ತವೆ. ಬಿಸಿಲಿಗೆ ಇಟ್ಟ ಉರುಳೆ ಬೇಡವೆಂದು ಹೇಳಿ, ಒಳಗಿನ ಡಬ್ಬದಿಂದ ತೆಗೆಸಿಕೊಂಡೆ. ಬಿಸಿಲು ನೈಲಾನಿಗೆ ಶತ್ರು. ಕಿಟಕಿಯಲ್ಲಿ ವರ್ಷಗಟ್ಟಲೆ ಮಿಂಚಿದ ದಾರ ನೋಟಕ್ಕೆ ಹೊಸದಾದರೂ ಒಳಗೆ ಸತ್ತಿರುತ್ತದೆ. ಗಾಳದ ಕೊಕ್ಕೆಗೂ ಸೀಸದ ಗುಂಡಿಗೂ ಅರವತ್ತು ಕೊಟ್ಟೆ. ನೂರು ರೂಪಾಯಿ ಉಳಿಯಿತು.

ಮನೆಗೆ ಬಂದು ಉರುಳೆಯನ್ನು ಅಪ್ಪಯ್ಯನ ಕೈಗಿತ್ತೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಒಂದು ಮಾರು ದಾರ ಬಿಚ್ಚಿ, ತುಟಿಗಳ ನಡುವೆ ಹಾಯಿಸಿ ಎಳೆದರು. ಗೀರು, ಗಂಟು, ಏರುಪೇರು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ತುಟಿಗೆ ತಿಳಿಯುತ್ತದೆಯಂತೆ. “ಅಡ್ಡಿಲ್ಲ” ಎಂದರು. ನನ್ನ ಎಂ.ಎ. ಪರೀಕ್ಷೆಯ ಫಲಿತಾಂಶ ಬಂದ ದಿನ ಹೇಳಿದ್ದೂ ಇದನ್ನೇ.

ಆಮೇಲೆ ಅವರಿಗೆ ಮಾತು ಬಂದಿತು. ತಾವು ಹುಡುಗನಾಗಿದ್ದಾಗ ನೈಲಾನು ಕಂಡಿರಲಿಲ್ಲವೆಂದೂ, ಹತ್ತಿಯ ನೂಲನ್ನು ಮೂರೆಳೆ ಹೊಸೆದು, ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ ಒಣಗಿಸುತ್ತಿದ್ದರೆಂದೂ ಪುಟ್ಟನಿಗೆ ಹೇಳಿದರು. ಚೊಗರಿನ ಒಗರು ನೂಲನ್ನು ಕೊಳೆಯಗೊಡದು. “ಹಾಗೆ ಮಾಡಿದ ದಾರ ಒಂದು ಬೇಸಿಗೆಗೆ ಬರುತ್ತಿತ್ತು. ಕಡಿದರೆ ಅಮ್ಮನ ಹತ್ತಿರ ಬೈಗುಳ. ನೂಲಿಗೂ ದುಡ್ಡು ಬೇಕಲ್ಲ” ಎಂದು ನಕ್ಕರು. ಎಂಟು ತಿಂಗಳ ಮೇಲೆ ಅವರು ನಕ್ಕದ್ದು ಅಂದೇ.

ನೂರು ಮೀಟರನ್ನು ಹಂಚಿದೆವು. ಅಪ್ಪಯ್ಯನ ಕೈಗಾಳಕ್ಕೆ ನಲವತ್ತು, ಬಿದಿರಿನ ಕೋಲಿಗೆ ಹತ್ತು, ರೀಲಿಗೆ ಐವತ್ತು. ರೀಲಿನ ಹೊಟ್ಟೆ ದೊಡ್ಡದು. ಐವತ್ತು ಮೀಟರು ತಳಕ್ಕೇ ಸಾಲದು. ಅದಕ್ಕೆ ಉಪಾಯ ಹೇಳಿದವನು ಅಮೆರಿಕದ ಭಾವಮೈದುನನೇ: ತಳದಲ್ಲಿ ಹಳೆಯ ದಾರವನ್ನು ಸುತ್ತಿ ಹೊಟ್ಟೆ ತುಂಬಿಸಿ, ಮೇಲೆ ಹೊಸದನ್ನು ಸುತ್ತುವುದು. ಐದು ಕೋಲುಗಳ ಒಡೆಯನೂ ಈ ಮಿತವ್ಯಯ ಮಾಡುತ್ತಾನೆಂದು ತಿಳಿದು ನನಗೆ ಅವನ ಮೇಲೆ ಪ್ರೀತಿ ಹೆಚ್ಚಿತು. ಗಂಟಿನ ಪಾಠ ಅಪ್ಪಯ್ಯನದು. ಕೊಕ್ಕೆಯ ಕಣ್ಣಿನಲ್ಲಿ ದಾರ ಪೋಣಿಸಿ, ಐದು ಸುತ್ತು ತಿರುಚಿ, ತುದಿಯನ್ನು ಮೊದಲ ಕುಣಿಕೆಯಲ್ಲಿ ತೂರಿಸಿ, ಎಂಜಲಿನಿಂದ ಒದ್ದೆ ಮಾಡಿ ಮೆಲ್ಲಗೆ ಬಿಗಿಯಬೇಕು. ಒಣಗಿದ್ದಂತೆಯೇ ಬಿಗಿದರೆ ಉಜ್ಜಿದ ಕಾವಿಗೆ ನೈಲಾನು ಬೆಂದು ದುರ್ಬಲವಾಗುತ್ತದೆ. ಅವರ ಬಲಗೈ ತೋರಿಸಿತು. ಎಡಗೈಯ ಕೆಲಸವನ್ನು ಪುಟ್ಟನ ಕೈ ಮಾಡಿತು. ಅಜ್ಜ ಮೊಮ್ಮಕ್ಕಳ ಎರಡು ಕೈ ಸೇರಿ ಒಂದು ಗಂಟು ಬಿದ್ದದ್ದನ್ನು ನನ್ನವಳು ಬಾಗಿಲ ಮರೆಯಿಂದ ನೋಡುತ್ತಿದ್ದಳು; ಮಂಡಕ್ಕಿಯ ಕಡೆಯವಳಾದರೂ ಏನೂ ಹೇಳಲಿಲ್ಲ.

ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಹುಲಿ ಸಂರಕ್ಷಿತ ಕಾಡಿನ ದಂಡೆಯನ್ನು ದೂರ ಬಿಟ್ಟು, ಮೇ ತಿಂಗಳ ಒಂದು ಬೆಳಗ್ಗೆ ನಾವು ಮೂವರೂ ಹೊರಟೆವು. ಪರಿಚಯದವರ ಆಟೋ ದಾರಿ ಮುಗಿಯುವವರೆಗೆ ಬಂದಿತು. ಅಲ್ಲಿಂದ ಮುಂದೆ ಒಡೆದ ಕೆಸರಿನ ಮೇಲೆ, ಅಪ್ಪಯ್ಯನಿಗೆ ಒಂದು ಕಡೆ ನಾನು, ಇನ್ನೊಂದು ಕಡೆ ಊರುಗೋಲು. ದಿಬ್ಬ ಕಂಡಿತು. ಮನೆಯೆಂಬುದೇನೂ ಉಳಿದಿರಲಿಲ್ಲ. ಅಡಿಪಾಯದ ಕಲ್ಲುಗಳ ಒಂದು ಸಾಲು, ಅಂಗಳದ ಮೂಲೆಯಲ್ಲಿ ಅರ್ಧ ಹೂತ ಒರಳು, ನೀರಿನ ಅಂಚಿನಲ್ಲಿ ಕಪ್ಪಗೆ ನಿಂತ ಒಂದು ಮರದ ಬೊಡ್ಡೆ. ಅಪ್ಪಯ್ಯ ಅಡಿಪಾಯದ ಕಲ್ಲಿನ ಮೇಲೆ ಕುಳಿತರು. “ಇದು ಅಡಿಗೆಮನೆ” ಎಂದರು. ಅಷ್ಟೆ. ಪುಟ್ಟ ಒರಳಿನ ಕೆಸರನ್ನು ಕೈಯಿಂದ ತೋಡಿ ತೆಗೆಯತೊಡಗಿದ.

ಮೊದಲ ಎಸೆತದಲ್ಲಿಯೇ ಅಪ್ಪಯ್ಯನ ಕೊಕ್ಕೆ ಬೊಡ್ಡೆಯ ಬೇರಿಗೆ ಸಿಕ್ಕಿಕೊಂಡಿತು. ನನ್ನ ಎದೆ ಧಸಕ್ಕೆಂದಿತು. ದಾರ ಕಡಿದುಬಿಡೋಣವೆಂದು ಚಾಕು ತೆಗೆದೆ. “ಇರು, ಕಡೀಬೇಡ. ಅದು ನಮ್ಮ ಹಲಸಿನ ಮರ. ಬಿಡ್ತದೆ” ಎಂದರು. ದಾರವನ್ನು ಬಿಗಿ ಮಾಡಿದರು, ಸಡಿಲ ಬಿಟ್ಟರು, ಎರಡು ಹೆಜ್ಜೆ ಎಡಕ್ಕೆ ನನ್ನನ್ನು ಕಳಿಸಿ ಅಲ್ಲಿಂದ ಎಳೆಸಿದರು, ಮತ್ತೆ ಸಡಿಲ. ಹಿಗ್ಗಿದ ದಾರ ವೀಣೆಯ ತಂತಿಯಂತೆ ನುಡಿಯುತ್ತಿತ್ತು. ಹೆಣೆದ ದಾರವಾಗಿದ್ದರೆ ಅಷ್ಟರಲ್ಲಿ ನನ್ನ ಅಂಗೈ ಹರಿಯುತ್ತಿತ್ತು. ಐದನೆಯ ಸಲಕ್ಕೆ ಕೊಕ್ಕೆ ಟಪ್ಪೆಂದು ಬಿಟ್ಟು ಬಂದಿತು. ತುದಿಯ ಅರ್ಧ ಮಾರು ಗೀರುಬಿದ್ದಿತ್ತು. ಅಷ್ಟನ್ನು ಕತ್ತರಿಸಿ, ಹೊಸ ಗಂಟು ಹಾಕಿ, ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಂಡೆವು. ಬೇಸಿಗೆಯಲ್ಲಿ ಈ ಜಲಾಶಯದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡುತ್ತವೆ. ಎಸೆದ ನೈಲಾನು ಕೊಳೆಯುವುದಿಲ್ಲ. ಹಕ್ಕಿಯ ಕಾಲಿಗೆ ಸುತ್ತಿದರೆ ಅದೇ ಉರುಳು.

ಬಿದಿರಿನ ಕೋಲಿಗೆ ಎರೆಹುಳು ಸಿಕ್ಕಿಸಿ ಪುಟ್ಟ ಮೂರು ಗೆಂಡೆ ಹಿಡಿದ. ಬಿಸಿಲೇರುವ ಹೊತ್ತಿಗೆ ಅವನೇ ಕೂಗಿದ: “ಅಜ್ಜಯ್ಯ, ಅಲ್ಲಿ ನೀರು ಕೆಂಪಾಗಿ ಕುದೀತಾ ಇದೆ!”

ಬೊಡ್ಡೆಯ ಆಚೆ, ಜೊಂಡಿನ ಅಂಚಿನಲ್ಲಿ, ಒಂದು ಮೊರದಗಲದ ನೀರು ಕೆಂಬಣ್ಣವಾಗಿ ಮಿಸುಕುತ್ತಿತ್ತು. ಅವಲಿನ ಮರಿಗಳ ಹಿಂಡು. ಅವುಗಳ ಅಡಿಯಲ್ಲಿ ತಾಯಿಯೋ ತಂದೆಯೋ, ಇಲ್ಲವೆ ಇಬ್ಬರೂ, ಕಾವಲಿರುವುದು ನಿಶ್ಚಯ; ಈ ಕುಲದ ಮೀನುಗಳು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ನೋಡುತ್ತಿದ್ದಂತೆಯೇ ನೀರಿನೊಳಗೆ ತೋಳಿನ ಗಾತ್ರದ ಒಂದು ಕಪ್ಪು ಮೈ ಹೊರಳಿ, ಗಾಳಿ ಗುಟುಕರಿಸಿ ಇಳಿಯಿತು. ಆಗ ಏನು ಎಸೆದರೂ ಅದು ಕಚ್ಚುತ್ತದೆ. ಹಸಿವಿಗಲ್ಲ, ಮರಿಗಳ ಹತ್ತಿರ ಬಂದದ್ದನ್ನು ಅಟ್ಟುವುದಕ್ಕೆ. ಗಾಳದವರಿಗೆ ಇದಕ್ಕಿಂತ ಸುಲಭವಾದ ಬೇಟೆಯಿಲ್ಲ.

ಸುಳ್ಳು ಹೇಳಲಾರೆ: ನನ್ನ ತಲೆಯಲ್ಲಿ ಮೊದಲು ಸುಳಿದದ್ದು ಲೆಕ್ಕವೇ. ಮೂರು ಕಿಲೋ ಆದರೂ ಇದ್ದೀತು. ಪೇಟೆಯಲ್ಲಿ ಅದರ ಬೆಲೆಯೇನು, ಔಷಧಿ ಅಂಗಡಿಯ ಬಾಕಿಯೆಷ್ಟು ಎಂದು ಮನಸ್ಸು ತಾನಾಗಿ ಕೂಡಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪಯ್ಯ ದೊಡ್ಡದೊಂದನ್ನು ಹಿಡಿದು ಮನೆಗೆ ಬರಬೇಕೆಂಬುದು ನನ್ನ ಆಸೆ. ದಾರ ತಡೆಯುತ್ತದೆಂದು ಆಗಲೇ ಸಿದ್ಧವಾಗಿತ್ತು. ನಾನೇ ಕೊಕ್ಕೆಗೆ ಮರಿಮೀನು ಸಿಕ್ಕಿಸಿ ಅವರ ಕೈಗೆ ಕೊಟ್ಟೆ.

ಅವರು ಬಹಳ ಹೊತ್ತು ಆ ಕೆಂಪನ್ನೇ ನೋಡುತ್ತ ಕುಳಿತರು. ಆಮೇಲೆ ಮರಿಮೀನನ್ನು ಕೊಕ್ಕೆಯಿಂದ ಬಿಡಿಸಿ ನೀರಿಗೆ ಹಾಕಿದರು.

“ಇದನ್ನು ಹಿಡಿದರೆ ಸಂಜೆಯೊಳಗೆ ಅಷ್ಟು ಮರಿಯನ್ನೂ ಬೇರೆ ಮೀನು ತಿಂದು ಮುಗಿಸ್ತವೆ. ಬೇಡ” ಎಂದರು. ಸ್ವಲ್ಪ ಹೊತ್ತು ಬಿಟ್ಟು, ನನಗಲ್ಲ, ಪುಟ್ಟನಿಗೆ ಹೇಳಿದರು: “ನಮ್ಮ ಅಂಗಳದಲ್ಲಿ ಅವು ಮನೆ ಮಾಡಿದಾವೆ. ಇರಲಿ.”

ನಾನು ಏನನ್ನೂ ಹೇಳಲಿಲ್ಲ. ಹೇಳುವುದೇನಿತ್ತು? ಆ ಅಂಗಳವನ್ನು ಬಿಟ್ಟು ಗಾಡಿ ಹತ್ತಿದವರು ಅವರು, ನಾನಲ್ಲ. ಪುಟ್ಟ ಮಾತ್ರ, “ಹಾಗಾದರೆ ಅಷ್ಟು ಒಳ್ಳೆಯ ದಾರ ತಂದದ್ದು ದಂಡವಾ ಅಜ್ಜಯ್ಯ?” ಎಂದು ಕೇಳಿದ. ಅಪ್ಪಯ್ಯ, “ಕೆಟ್ಟ ದಾರ ಆಗಿದ್ರೆ, ಹೇಗೂ ಕಡಿದುಹೋಗ್ತದೆ ಅಂತ ಬಿಟ್ಟ ಹಾಗೆ ಆಗ್ತಿತ್ತು. ಇದು ಹಾಗಲ್ಲ” ಎಂದರು. ಒಂಬತ್ತು ವರ್ಷದ ಹುಡುಗನಿಗೆ ಅದು ಅರ್ಥವಾಯಿತೋ ಇಲ್ಲವೋ. ನನಗೆ ಅರ್ಥವಾಗಲು ಆಟೋ ಸಿಕ್ಕುವವರೆಗಿನ ದಾರಿ ಬೇಕಾಯಿತು.

ಸಂಜೆ ಮೂರು ಗೆಂಡೆಯ ಸಾರಾಯಿತು. ಅಪ್ಪಯ್ಯ ಎರಡು ಸಲ ಅನ್ನ ಹಾಕಿಸಿಕೊಂಡರು. ದೊಡ್ಡ ಮೀನನ್ನು ಬಿಟ್ಟು ಬಂದ ಕಥೆಯನ್ನು ಪುಟ್ಟ ಅಮ್ಮನಿಗೆ ಹೇಳಿದ. ಅವಳು ಮಾವಯ್ಯನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಉಳಿದ ನೂರು ರೂಪಾ‌ಯಿಯನ್ನು ನಾನು ಲೆಕ್ಕದ ಪುಸ್ತಕದ ನಡುವೆ ಇಟ್ಟೆ.

ಊಟವಾದ ಮೇಲೆ ಅಪ್ಪಯ್ಯ ಕೈಗಾಳವನ್ನು ತರಿಸಿಕೊಂಡರು. ದಾರವನ್ನು ಸಿಹಿನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಲು ಪುಟ್ಟನಿಗೆ ಹೇಳಿ, ಎಂದಿನಂತೆ ತುಟಿಗಳ ನಡುವೆ ಹಾಯಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

“ತುದಿ ಕಡೆಯದು ಸ್ವಲ್ಪ ಸವೆದಿದೆ. ಪೂರ್ತಿ ಬಿಚ್ಚಿ, ತಿರುಗಿಸಿ ಸುತ್ತಿಡು. ಒಳಗಿನ ಅರ್ಧ ಇನ್ನೂ ನೀರು ಕಂಡಿಲ್ಲ. ಅದು ಮೇಲೆ ಬರಲಿ. ಬಿಸಿಲು ತಾಗದ ಹಾಗೆ ಇಡು. ಬರುವ ಬೇಸಿಗೆಗೆ ಇದೇ ಆಯ್ತು, ಮತ್ತೆ ದುಡ್ಡು ಹಾಕಬೇಡ.”

ನಾನು ಜಗಲಿಯ ಕಂಬಕ್ಕೆ ದಾರದ ತುದಿಯನ್ನು ಕಟ್ಟಿ, ನಲವತ್ತು ಮೀಟರನ್ನು ಅಂಗಳದ ಉದ್ದಕ್ಕೂ ಬಿಚ್ಚಿ, ತಿರುಗಿಸಿ ಸುತ್ತಿದೆ. ದೀಪದ ಬೆಳಕಿನಲ್ಲಿ ಕೆಲಸ ನಿಧಾನವಾಯಿತು. ಅಪ್ಪಯ್ಯ ಮಲಗದೆ ಕೊನೆಯ ಸುತ್ತಿನವರೆಗೆ ನೋಡುತ್ತ ಕುಳಿತಿದ್ದರು.